ಉಪ್ಪುಗಾಳಿಗೆ ನಿಂತ ಕಾರು

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಘಟ್ಟ ಇಳಿದು ಬಂದವರಿಗೆ ಇಲ್ಲಿ ಕಾರು ನಿಲ್ಲಿಸದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಾಗಿಲು ತೆಗೆದ ಕೂಡಲೇ ಗಾಳಿ ಮುಖಕ್ಕೆ ರಾಚುತ್ತದೆ, ಮಕ್ಕಳು ಚಪ್ಪಲಿ ಕಳಚಿ ನೀರಿಗೆ ಓಡುತ್ತಾರೆ, ದೊಡ್ಡವರು ಫೋನು ಹಿಡಿಯುತ್ತಾರೆ. ಮರಳಿ ಬಂದು ಕೂತಾಗ ಮುಂದಿನ ಗಾಜಿನ ಮೇಲೆ ತೆಳ್ಳನೆಯ ಮಸುಕು ಕಟ್ಟಿರುತ್ತದೆ. ವೈಪರ್ ಆಡಿಸಿದರೆ ಅಂಟಂಟಾಗಿ ಬಳಿದುಕೊಳ್ಳುತ್ತದೆ. ಗಾಜಿನ ಮೇಲಿನ ಉಪ್ಪು ನೋಟಕ್ಕೆ ಅಡ್ಡ ಬರುವುದರಿಂದ ಎಲ್ಲರೂ ಒರೆಸುತ್ತಾರೆ. ಅದೇ ಉಪ್ಪು ಚಕ್ರದ ಮೇಲಿನ ಕಮಾನಿನೊಳಗೆ, ಬಾಗಿಲಿನ ಕೆಳಅಂಚಿನ ಮಡಿಕೆಯಲ್ಲಿ, ತಳದ ತಗಡಿನ ಮೇಲೆ ಕೂತಿರುತ್ತದೆ. ಅಲ್ಲಿಗೆ ಬಟ್ಟೆ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ.

ಪ್ರವಾಸಿಗರಿಗೆ ಇದು ಒಂದು ಗಂಟೆಯ ಮಾತು. ಮಲ್ಪೆ, ಕಾಪು, ಉಳ್ಳಾಲ, ಕಾರವಾರಗಳಲ್ಲಿ ಮನೆ ಮಾಡಿಕೊಂಡವರ ಕಾರು ವರ್ಷವಿಡೀ ಈ ಗಾಳಿಗೇ ನಿಂತಿರುತ್ತದೆ. ಅಲೆ ಒಡೆದಾಗ ಸಿಡಿಯುವ ಸಣ್ಣ ಹನಿಗಳು ಉಪ್ಪನ್ನು ಹೊತ್ತು ದಡಕ್ಕೆ ಬರುತ್ತವೆ. ತೀರದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿ ಅದು ಬೀಳುವ ಪ್ರಮಾಣ ಅತಿ ಹೆಚ್ಚು, ಒಳಕ್ಕೆ ಹೋದಂತೆ ಸರಸರನೆ ಇಳಿಯುತ್ತದೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇ 60 ದಾಟಿದರೆ ಬರಿಗಬ್ಬಿಣ ಬೇಗ ತುಕ್ಕು ಹಿಡಿಯತೊಡಗುತ್ತದೆ. ಉಪ್ಪು ಗಾಳಿಯ ತೇವವನ್ನು ತಾನೇ ಹೀರಿ ಹಿಡಿದಿಡುವುದರಿಂದ ಕರಾವಳಿಯಲ್ಲಿ ಮಳೆ ಬಾರದ ದಿನವೂ ತಗಡಿನ ಮೇಲೆ ತೇವ ಇದ್ದೇ ಇರುತ್ತದೆ. ಒಂದೇ ದಿನ ಶೋರೂಮ್ ಬಿಟ್ಟ ಎರಡು ಕಾರುಗಳಲ್ಲಿ ಒಂದು ಚಿತ್ರದುರ್ಗಕ್ಕೂ ಇನ್ನೊಂದು ಮಲ್ಪೆ ಬಂದರಿನ ಪಕ್ಕಕ್ಕೂ ಹೋದರೆ, ಕೆಲವು ಮಳೆಗಾಲ ಕಳೆದ ಮೇಲೆ ತಳ ನೋಡಿಯೇ ಯಾವುದು ಯಾವ ಊರಿನದೆಂದು ಟಿಂಕರ್ ಹೇಳುತ್ತಾನೆ.

ತುಕ್ಕಿಗೆ ಬೇಕಾದದ್ದು ಮೂರೇ: ಕಬ್ಬಿಣ, ನೀರು, ಆಮ್ಲಜನಕ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಕೆಲಸ ಚುರುಕಾಗುತ್ತದೆ. ಏಕೆಂದರೆ ಇದು ಒಳಗೊಳಗೇ ನಡೆಯುವ ವಿದ್ಯುತ್ ವ್ಯವಹಾರ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಕೇಂಬ್ರಿಜ್‌ನ ವಿಜ್ಞಾನಿ ಯು. ಆರ್. ಇವಾನ್ಸ್. ಕಳೆದ ಶತಮಾನದ ಮೊದಲ ಭಾಗದಲ್ಲಿ ಅವರು ಮಾಡಿದ ಹನಿಯ ಪ್ರಯೋಗ ಇಂದಿಗೂ ತರಗತಿಗಳಲ್ಲಿ ನಡೆಯುತ್ತದೆ. ಉಜ್ಜಿ ಹೊಳಪಿಸಿದ ಕಬ್ಬಿಣದ ಮೇಲೆ ಬಣ್ಣ ಬದಲಿಸುವ ಸೂಚಕ ಬೆರೆಸಿದ ಒಂದು ಹನಿ ಉಪ್ಪುನೀರು ಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುಭಾಗ ನೀಲಿಯಾಗುತ್ತದೆ, ಅಂಚು ಗುಲಾಬಿಯಾಗುತ್ತದೆ. ನೀಲಿ ಕಂಡಲ್ಲಿ ಕಬ್ಬಿಣ ಕರಗುತ್ತಿದೆ. ಗುಲಾಬಿ ಕಂಡಲ್ಲಿ ಗಾಳಿಯಿಂದ ಬಂದ ಆಮ್ಲಜನಕ ಎಲೆಕ್ಟ್ರಾನುಗಳನ್ನು ಪಡೆಯುತ್ತಿದೆ. ಎರಡರ ನಡುವೆ ಕಂದು ಬಳೆಯೊಂದು ಮೂಡುತ್ತದೆ, ಅದೇ ತುಕ್ಕು. ಲೋಹ ಸವೆಯುವುದು ಗಾಳಿ ತಲುಪದ ಒಳಗಡೆ, ಕಂದು ಬಣ್ಣ ಕಾಣಿಸುವುದು ಅದರಿಂದ ತುಸು ಆಚೆ.

ಕಾರಿನ ಮಾಲೀಕರು ತಿಳಿದಿರಬೇಕಾದ ಬಹುಮುಖ್ಯ ಸಂಗತಿ ಇದು. ಚಕ್ರದ ಕಮಾನಿನೊಳಗೆ ಮೆತ್ತಿಕೊಂಡ ಹಸಿ ಮಣ್ಣಿನ ಅಡಿಯಲ್ಲಿ ಆಮ್ಲಜನಕ ಕಡಿಮೆ, ಹೊರಗೆ ಹೆಚ್ಚು. ಹಾಗಾಗಿ ಮಣ್ಣಿನ ಅಡಿಯ ತಗಡೇ ಕರಗುತ್ತದೆ. ಬಾಗಿಲಿನ ಹೊರತಗಡನ್ನು ಒಳತಗಡಿನ ಮೇಲೆ ಮಡಚಿದ ಅಂಚಿನಲ್ಲೂ, ಎರಡು ತಗಡು ಸೇರಿಸಿ ಬೆಸೆದ ಸಂದಿಯಲ್ಲೂ ಇದೇ ಕತೆ. ಬಾಗಿಲಿನ ಕೆಳಗೆ ಹೊರಗಿನಿಂದ ಸಣ್ಣ ಕಂದು ಗೆರೆ ಇಳಿದಿದ್ದರೆ ಅದು ಒಳಗೆ ಬಹಳ ದಿನದಿಂದ ನಡೆಯುತ್ತಿರುವ ಕೆಲಸದ ಸುದ್ದಿ. ತುಕ್ಕು ಅಡಗಿಕೊಳ್ಳುವ ಬಣ್ಣವೂ ಕರಾವಳಿಯಲ್ಲೇ ಉಂಟು. ಕೆಂಪುಕಲ್ಲಿನ ನೆಲದ ಕೆಂಪು ಬಂದಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಆ ಧೂಳು ಮೆತ್ತಿದ ಕಾರಿನಲ್ಲಿ ಯಾವುದು ರಸ್ತೆಯ ಮಣ್ಣು, ಯಾವುದು ಕಾರಿನದೇ ತುಕ್ಕು ಎಂಬುದು ತೊಳೆಯುವವರೆಗೆ ತಿಳಿಯುವುದಿಲ್ಲ.

ಮರವಂತೆಯಿಂದ ಪೂರ್ವಕ್ಕೆ ನೋಡಿದರೆ ಕೊಡಚಾದ್ರಿಯ ಸಾಲು. ಅಲ್ಲಿನ ಆದಿ ಮೂಕಾಂಬಿಕೆ ದೇಗುಲದ ಬಳಿ ಕಬ್ಬಿಣದ ಒಂದು ಸ್ತಂಭ ನಿಂತಿದೆ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ ಅದನ್ನು ಪರಿಶೀಲಿಸಿ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪಶ್ಚಿಮಘಟ್ಟದ ಅಷ್ಟು ಮಳೆ ಸುರಿದರೂ ಅದು ಗಟ್ಟಿಯಾಗಿಯೇ ನಿಂತಿರುವುದು ನಮ್ಮ ಕುಲುಮೆಗಾರರ ಕೌಶಲಕ್ಕೆ ಸಾಕ್ಷಿ. ಆದರೆ ಸ್ತಂಭಕ್ಕೆ ದಪ್ಪದ ಬಲವಿದೆ. ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಹೋದರೂ ಅದಕ್ಕೆ ನಷ್ಟವಿಲ್ಲ. ಇಂದಿನ ಕಾರಿನ ಹೊರತಗಡಿನ ದಪ್ಪ ಸುಮಾರು 0.7 ಮಿಲಿಮೀಟರ್. ಅಲ್ಲಿ ಕೂದಲೆಳೆಯಷ್ಟೂ ದುಬಾರಿ. ಮೇಲಾಗಿ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಬಣ್ಣದ ಅಡಿಯಲ್ಲಿ ಅದು ಹಿಗ್ಗಿದಾಗಲೇ ಗುಳ್ಳೆ ಏಳುವುದು. ಗುಳ್ಳೆ ಒಡೆದರೆ ಹೊಸ ನೀರಿಗೆ ದಾರಿ. ಅಲ್ಯೂಮಿನಿಯಂ ಆಕ್ಸೈಡ್ ತನ್ನ ಲೋಹಕ್ಕೆ ಬಿಗಿಯಾಗಿ ಅಂಟಿ ಕಾಪಾಡುತ್ತದೆ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಅಡಿಯ ಲೋಹವನ್ನು ಮತ್ತೆ ಬಯಲಿಗಿಡುತ್ತದೆ.

ಇದನ್ನು ತಡೆಯುವ ಬುದ್ಧಿ ಬಂದದ್ದು ಹಡಗುಗಳಿಂದ. 1824ರಲ್ಲಿ ಬ್ರಿಟನ್ನಿನ ಹಂಫ್ರಿ ಡೇವಿ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಆ ತುಂಡುಗಳು ಸವೆದು ತಾಮ್ರ ಉಳಿಯುತ್ತದೆ ಎಂದು ತೋರಿಸಿದರು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದರು. ಉಕ್ಕಿನ ಒಡಲಿನ ಮೀನುಗಾರಿಕಾ ಬೋಟುಗಳ ತಳಕ್ಕೆ ಇಂದಿಗೂ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಸವೆದ ಮೇಲೆ ಬದಲಿಸುತ್ತಾರೆ. ಕಾರಿಗೆ ಈ ವಿದ್ಯೆ ಬರಲು ತಡವಾಯಿತು. ಪೋರ್ಷೆ 911ರ ಒಡಲು ಸತು ಲೇಪಿತ ತಗಡಿಗೆ ಬದಲಾದದ್ದು 1976ರ ಮಾದರಿಯಲ್ಲಿ. ಔಡಿ 100ರ ಪೂರ್ತಿ ಒಡಲು ಸತು ಹೊದ್ದದ್ದು 1980ರ ದಶಕದ ನಡುಭಾಗದಲ್ಲಿ. ಅಷ್ಟರೊಳಗೆ ಬೆಲೆ ತೆತ್ತವರಿದ್ದರು. ಇಟಲಿಯ ಲ್ಯಾನ್ಸಿಯಾ ಕಂಪನಿಯ ಬೀಟಾ ಕಾರುಗಳಲ್ಲಿ ಎಂಜಿನ್ ಹೊತ್ತ ಚೌಕಟ್ಟು ಒಡಲಿಗೆ ಸೇರುವ ಜಾಗವೇ ತುಕ್ಕು ಹಿಡಿದು, 1980ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಂಪನಿ ಹಲವು ಕಾರುಗಳನ್ನು ಮಾಲೀಕರಿಂದ ಮರಳಿ ಕೊಳ್ಳಬೇಕಾಯಿತು. ಆ ದೇಶದಲ್ಲಿ ಲ್ಯಾನ್ಸಿಯಾದ ಹೆಸರು ಮತ್ತೆ ಸರಿಹೋಗಲೇ ಇಲ್ಲ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಈ ಕತೆ ಇನ್ನೊಂದು ರೂಪ ಪಡೆಯುತ್ತದೆ. ಜಗತ್ತಿಗೆ ಕಾರು ಕಟ್ಟುವುದನ್ನು ಕಲಿಸಿದ ಆ ನಗರದ ಅಡಿಯಲ್ಲಿ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಅಲ್ಲಿಂದ ತೆಗೆದ ಉಪ್ಪು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಬೀಳುತ್ತದೆ, ಚಕ್ರದಿಂದ ಸಿಡಿದು ಕಾರಿನ ತಳಕ್ಕೆ ಏರುತ್ತದೆ. ಮಿಷಿಗನ್ನಿನ ಪಂಪ ಕನ್ನಡ ಕೂಟದ ಸುತ್ತ ನೆಲೆಸಿದ ಕನ್ನಡಿಗರು ಚಳಿಗಾಲವಿಡೀ ಕಾರಿನ ತಳಕ್ಕೆ ನೀರು ಹೊಡೆಸುವುದನ್ನು ಅಲ್ಲಿನವರಂತೆಯೇ ರೂಢಿ ಮಾಡಿಕೊಂಡಿದ್ದಾರೆ. ಉಳ್ಳಾಲದ ಮನೆಯವರಿಗೆ ಅದೇ ರೂಢಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕು.

ಕಾರ್ಖಾನೆ ತನ್ನ ಪಾಲಿನ ರಕ್ಷಣೆ ಕೊಟ್ಟೇ ಕಳಿಸುತ್ತದೆ. ಬರಿ ಒಡಲನ್ನು ತೊಳೆದು ಫಾಸ್ಫೇಟ್ ದ್ರಾವಣದಲ್ಲಿ ಅದ್ದುತ್ತಾರೆ. ಬಳಿಕ ದೊಡ್ಡ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಮೊದಲ ಬಣ್ಣ ಸಂದಿಗೊಂದಿಗಳಲ್ಲೂ ತಾನಾಗಿ ಹೋಗಿ ಅಂಟುತ್ತದೆ. ಮೇಲೆ ಪ್ರೈಮರ್, ಬಣ್ಣ, ಪಾರದರ್ಶಕ ಲ್ಯಾಕರ್. ಇಷ್ಟೆಲ್ಲ ಸೇರಿದರೂ ಒಟ್ಟು ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತನೇ ಒಂದು ಭಾಗ. ಜಲ್ಲಿ ಹರಡಿದ ರಸ್ತೆಯಲ್ಲಿ ಮುಂದಿನ ಟಿಪ್ಪರ್‌ನಿಂದ ಸಿಡಿದ ಒಂದು ಕಲ್ಲು ಈ ಐದಾರು ಪದರಗಳನ್ನೂ ಒಂದೇ ಏಟಿಗೆ ಸೀಳಿ ತಗಡು ಮುಟ್ಟಬಲ್ಲದು. ಬಾನೆಟ್ಟಿನ ಮುಂದಿನ ಅಂಚು, ಚಕ್ರದ ಕಮಾನಿನ ಅಂಚು, ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್ ಈ ಏಟು ತಿನ್ನುವ ಜಾಗಗಳು. ಅಲ್ಲಿ ಎದ್ದ ಸಾಸಿವೆ ಗಾತ್ರದ ಗಾಯ ಮೊದಲ ಮಳೆಗೆ ಕಂದಾಗುತ್ತದೆ.

ಆ ಹಂತದಲ್ಲಿ ಕೈ ಹಾಕಿದರೆ ಮನೆಯಂಗಳದಲ್ಲೇ ಮುಗಿಯುವ ಕೆಲಸ.

ಮೊದಲು ಗಾಯದ ಆಳ ತಿಳಿಯಬೇಕು. ಜಾಗವನ್ನು ತೊಳೆದು ಒಣಗಿಸಿ ಉಗುರಿನಿಂದ ಕೆರೆಯಬೇಕು. ಬರಿ ಕಲೆ ಇದ್ದರೆ ತಗಡು ನಯವಾಗಿರುತ್ತದೆ, ಅದು ಮೇಲ್ಮೈ ತುಕ್ಕು. ಬಣ್ಣ ಗುಳ್ಳೆ ಎದ್ದಿದ್ದರೆ ಅಥವಾ ಗಾಯದಿಂದ ಎಳೆಎಳೆಯಾಗಿ ಹುಳು ಹರಿದಂತೆ ಗೆರೆ ಹೊರಟಿದ್ದರೆ ತುಕ್ಕು ಬಣ್ಣದ ಅಡಿ ಹಬ್ಬಿದೆ. ಕಂಡದ್ದಕ್ಕಿಂತ ಹೆಚ್ಚು ಜಾಗ ಕೆರೆಯಬೇಕಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಠಣ್ ಎನ್ನದೆ ಮಂಕು ಸದ್ದು ಬಂದರೆ, ಒತ್ತಿದಾಗ ತಗಡು ಬಾಗಿದರೆ, ಅದು ಟಿಂಕರ್ ಕೈಗೆ ಹೋಗಬೇಕಾದ ಕಾರು. ರನ್ನಿಂಗ್ ಬೋರ್ಡ್, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದ ತಗಡು ಒಡಲಿನ ಬೆನ್ನೆಲುಬು. ಅಲ್ಲಿ ತೂತು ಬಿದ್ದರೆ ಅಂದದ ಮಾತು ಮುಗಿಯಿತು, ಒಳಗೆ ಕೂತವರ ಜೀವದ ಮಾತು ಶುರುವಾಯಿತು. ಅಂಥ ಕಡೆ ಹಾಳಾದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸುವುದೊಂದೇ ದಾರಿ.

ಮೇಲ್ಮೈ ತುಕ್ಕಿಗೆ ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೂ ಬಣ್ಣದ ಅಂಗಡಿಯಲ್ಲೂ ಸಿಗುತ್ತದೆ: ಮಾಸ್ಕಿಂಗ್ ಟೇಪ್, ಬೇರೆ ಬೇರೆ ನಂಬರಿನ ಎಮರಿ ಪೇಪರ್, ಥಿನ್ನರ್, ಎಪಾಕ್ಸಿ ಪ್ರೈಮರ್, ಟಚ್‌ಅಪ್ ಬಣ್ಣ, ಲ್ಯಾಕರ್. ಬಣ್ಣದ ಕೋಡ್ ಕಾರಿನ ಮೇಲೆಯೇ ಇರುತ್ತದೆ, ಹೆಚ್ಚಾಗಿ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಅಥವಾ ಬಾನೆಟ್ ಕೆಳಗೆ. ಬಿಳಿ ಎಂದರೆ ಒಂದೇ ಬಿಳಿಯಲ್ಲ, ಆ ಕೋಡ್ ಹೇಳಿಯೇ ಕೊಳ್ಳಬೇಕು. ಗಾಯದ ಸುತ್ತ ಟೇಪ್ ಅಂಟಿಸಿ 120 ನಂಬರಿನ ಕಾಗದದಿಂದ ಉಜ್ಜುತ್ತಾ ಹೋದರೆ ಕಂದು ಹೋಗಿ ಬೆಳ್ಳಗೆ ಹೊಳೆಯುವ ತಗಡು ಕಾಣಬೇಕು. ಕಪ್ಪು ಚುಕ್ಕೆ ಒಂದು ಉಳಿದರೂ ಕೆಲಸ ಮುಗಿದಿಲ್ಲ. ಆಮೇಲೆ 320, 600 ನಂಬರಿನ ವಾಟರ್ ಪೇಪರ್ ಹಿಡಿದು ಬಣ್ಣದ ಅಂಚನ್ನು ಇಳಿಜಾರಾಗಿ ತೇಯಬೇಕು. ಬೆರಳು ಆಡಿಸಿದರೆ ಮೆಟ್ಟಿಲು ತಾಗಬಾರದು. ಧೂಳು ಒರೆಸಿ ಥಿನ್ನರ್ ಅದ್ದಿದ ಶುಭ್ರ ಬಟ್ಟೆಯಿಂದ ಜಿಡ್ಡು ತೆಗೆದು, ಪೂರ್ತಿ ಆರಿದ ಮೇಲೆ ಪ್ರೈಮರನ್ನು ತೆಳ್ಳಗೆ ಎರಡು ಸಲ ಕೊಡಬೇಕು. ದಪ್ಪಗೆ ಒಂದೇ ಸಲ ಬಳಿದರೆ ಅದು ಇಳಿದು ಗೆರೆ ಕಟ್ಟುತ್ತದೆ. ಬಣ್ಣ, ಲ್ಯಾಕರ್ ಕೂಡ ಹಾಗೆಯೇ, ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ಕೆಲವು ದಿನ ಬಿಟ್ಟು 2000 ನಂಬರಿನ ಕಾಗದವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಆಡಿಸಿ ಪಾಲಿಶ್ ಹಚ್ಚಿದರೆ ಹೊಸದು ಹಳೆಯದರೊಳಗೆ ಸೇರಿಹೋಗುತ್ತದೆ.

ಇದಕ್ಕೆಲ್ಲ ದಿನ ಆರಿಸಿಕೊಳ್ಳಬೇಕು. ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ಒಣಹವೆ ಒಳ್ಳೆಯದು. ಬೆಳಗಿನ ಇಬ್ಬನಿ ಆರಿದ ಮೇಲೆ ನೆರಳಿನಲ್ಲಿ ಶುರುಮಾಡಿ ಅದೇ ದಿನ ಪ್ರೈಮರ್‌ವರೆಗೆ ಮುಗಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ತಗಡನ್ನು ನಾಳೆ ನೋಡೋಣವೆಂದು ಬಿಟ್ಟರೆ, ಉಪ್ಪುಗಾಳಿಯ ಊರಿನಲ್ಲಿ ಬೆಳಗಾಗುವುದರೊಳಗೆ ಅದು ಮತ್ತೆ ಕಂದಾಗಿರುತ್ತದೆ.

ತಗಡಿನಲ್ಲಿ ಸಣ್ಣ ಗುಳಿಗಳು ಬಿದ್ದು ಎಮರಿ ಪೇಪರ್ ತಳ ಮುಟ್ಟದಿದ್ದರೆ ರಸ್ಟ್ ಕನ್ವರ್ಟರ್ ನೆರವಿಗೆ ಬರುತ್ತದೆ. ಅದರಲ್ಲಿರುವುದು ಫಾಸ್ಫಾರಿಕ್ ಆಮ್ಲ ಇಲ್ಲವೇ ಟ್ಯಾನಿಕ್ ಆಮ್ಲ. ಮೊದಲನೆಯದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ, ಎರಡನೆಯದು ಕಪ್ಪುನೀಲಿ ಟ್ಯಾನೇಟ್ ಆಗಿ. ಕರಾವಳಿಯ ಅಡಿಗೆಮನೆಗೆ ಈ ರಸಾಯನ ಪರಿಚಿತ. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿಯ ಅಲಗು ಕಪ್ಪಾಗುವುದು ಕಾಯಿಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿದಾಗಲೇ. ಕನ್ವರ್ಟರ್ ಹಚ್ಚುವ ಮೊದಲು ಸಡಿಲವಾದ ಪುಡಿಯನ್ನು ತಂತಿ ಬ್ರಷ್ಷಿನಿಂದ ತೆಗೆದಿರಬೇಕು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಬೇಕು. ಅದು ಕಪ್ಪಾಗಿ ಒಣಗಿದ ಮೇಲೂ ಪ್ರೈಮರ್, ಬಣ್ಣ ಬೇಕೇ ಬೇಕು.

ಬೇಗ ಮುಗಿಸುವ ಅಡ್ಡದಾರಿಗಳು ದೊಡ್ಡ ಹಾನಿ ತರುತ್ತವೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಾರು ಮಾರುವ ದಿನದವರೆಗೆ ಚೆನ್ನಾಗಿ ಕಾಣಬಹುದು. ಪುಟ್ಟಿ ತೇವ ಹೀರುತ್ತದೆ, ಅಡಿಯ ತುಕ್ಕು ಬೆಳೆಯುತ್ತಲೇ ಇರುತ್ತದೆ. ಹಳೆ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ದಪ್ಪ ಪುಟ್ಟಿ ಇದ್ದಲ್ಲಿ ಅದು ಕಚ್ಚುವುದಿಲ್ಲ. ತಳಕ್ಕೆ ಹಳೆ ಎಂಜಿನ್ ಆಯಿಲ್ ಬಳಿಯುವ ಪದ್ಧತಿಯೂ ಇದೆ. ಅದು ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ನೆಲಕ್ಕೆ ತೊಟ್ಟಿಕ್ಕಿದರೆ ಬಾವಿಯ ನೀರಿಗೂ ವಿಷ. ತಳದ ರಬ್ಬರ್ ಕೋಟಿಂಗ್ ಕೂಡ ತೊಳೆದು ಒಣಗಿಸಿ ತುಕ್ಕು ತೆಗೆದ ತಗಡಿನ ಮೇಲೆ ಬಿದ್ದರೆ ಮಾತ್ರ ರಕ್ಷಣೆ. ಒದ್ದೆ ತಗಡಿನ ಮೇಲೆ ಬಿದ್ದರೆ ನೀರನ್ನು ಒಳಗೇ ಸೀಲು ಮಾಡಿದಂತಾಗುತ್ತದೆ. ಮಳೆಯ ರಾತ್ರಿ ಕಳೆದು ಬ್ರೇಕ್ ಡಿಸ್ಕ್ ಮೇಲೆ ಕಂದು ಪೊರೆ ಕಂಡರೆ ಗಾಬರಿ ಬೇಡ. ಮೊದಲ ನಾಲ್ಕಾರು ಬ್ರೇಕಿಗೆ ಅದು ಉಜ್ಜಿಹೋಗುತ್ತದೆ.

ತುಕ್ಕು ಬಾರದಂತೆ ನೋಡಿಕೊಳ್ಳುವುದಕ್ಕೆ ಬೇಕಾದದ್ದು ಬಹುಪಾಲು ನೀರು. ಕಡಲ ತೀರಕ್ಕೆ ಹೋಗಿಬಂದ ದಿನ, ಮೀನು ಲಾರಿಯಿಂದ ಸೋರಿದ ಉಪ್ಪುನೀರಿನ ರಸ್ತೆಯಲ್ಲಿ ಓಡಿಸಿದ ದಿನ, ಪೈಪು ಹಿಡಿದು ಚಕ್ರದ ಕಮಾನು, ತಳ, ರನ್ನಿಂಗ್ ಬೋರ್ಡಿನ ಅಡಿಗೆ ಧಾರಾಳವಾಗಿ ನೀರು ಹೊಡೆಯಬೇಕು. ಸಿಹಿನೀರೇ ಆಗಬೇಕು. ತೀರದ ಎಷ್ಟೋ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ, ಅದರಲ್ಲಿ ತೊಳೆದರೆ ಉಪ್ಪನ್ನು ಉಪ್ಪಿನಿಂದ ತೊಳೆದಂತೆ. ತೊಳೆದ ಕಾರನ್ನು ಒದ್ದೆಯಾಗಿಯೇ ಕವರ್ ಹೊದಿಸಿ ಮುಚ್ಚಬಾರದು. ಗಾಳಿಯಾಡದ ಶೆಡ್ಡಿನಲ್ಲಿ ಒದ್ದೆ ಕಾರು ನಿಲ್ಲಿಸುವುದಕ್ಕಿಂತ ಬಯಲಿನ ಗಾಳಿಗೆ ಬಿಡುವುದು ಮೇಲು. ಒಳಗಿನ ಮ್ಯಾಟಿನ ಅಡಿ ಮಳೆಗಾಲದ ಚಪ್ಪಲಿ ನೀರು ಇಂಗಿ ನೆಲದ ತಗಡನ್ನು ಮೇಲಿನಿಂದ ತಿನ್ನುತ್ತದೆ. ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬಾಗಿಲುಗಳ ಕೆಳಅಂಚಿನಲ್ಲಿ ಬೆರಳ ತುದಿಯಷ್ಟಗಲದ ರಂಧ್ರಗಳಿರುತ್ತವೆ. ಗಾಜಿನ ಬೀಡಿಂಗ್ ದಾಟಿ ಒಳಗಿಳಿಯುವ ಮಳೆನೀರು ಹೊರಹೋಗಲೆಂದೇ ಅವನ್ನು ಇಟ್ಟಿರುತ್ತಾರೆ. ಕೆಂಪು ಮಣ್ಣು ಗಟ್ಟಿಯಾಗಿ ಅವು ಮುಚ್ಚಿದರೆ ಬಾಗಿಲೇ ನೀರಿನ ತೊಟ್ಟಿ. ವೈಪರ್ ಅಡಿಯ ಗುಂಡಿಯಲ್ಲಿ ಮಾವಿನೆಲೆ, ಗಾಳಿಮರದ ಸೂಜಿ ತುಂಬಿದರೂ ಹೀಗೆಯೇ. ಮೇ ತಿಂಗಳು ಮುಗಿಯುವುದರೊಳಗೆ ಇವನ್ನು ಬಿಡಿಸಿ, ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ ಉದ್ದ ಕೊಳವೆಯಿಂದ ಮೇಣದ ಸ್ಪ್ರೇ ಹೊಡೆಸಿದರೆ ಅದು ಸಂದಿಗಳಲ್ಲಿ ಹರಿದು ತೇವಕ್ಕೂ ತಗಡಿಗೂ ನಡುವೆ ನಿಲ್ಲುತ್ತದೆ. ಹೊರಬಣ್ಣಕ್ಕೂ ಮಳೆಗೆ ಮುಂಚೆ ಒಂದು ಪದರ ವ್ಯಾಕ್ಸ್ ಇರಬೇಕು. ಸಾಮಾನ್ಯ ಸವೆತದ ಖರ್ಚನ್ನು ವಿಮೆ ಭರಿಸುವುದಿಲ್ಲ, ತುಕ್ಕು ಆ ಸಾಲಿಗೇ ಸೇರುತ್ತದೆ. ಕಂತು ಕಟ್ಟಿ ಕಾರು ಕೊಂಡ ಮನೆಗೆ ಈ ಒಂದು ಮಧ್ಯಾಹ್ನದ ಶ್ರಮ ದೊಡ್ಡ ಉಳಿತಾಯ.

ಕನ್ನಡನಾಡಿನಲ್ಲಿ ಪ್ರತಿ ವಾಹನವನ್ನೂ ಮನೆಮಂದಿಯೆಲ್ಲ ಸೇರಿ ಇಂಚಿಂಚು ಉಜ್ಜಿ ತೊಳೆಯುವ ಒಂದು ದಿನವಿದೆ. ಆಯುಧಪೂಜೆ ಬರುವುದು ಮಳೆಯ ಜೋರು ಇಳಿದ ಹೊತ್ತಿಗೆ, ತುಕ್ಕು ಹುಡುಕುವುದಕ್ಕೂ ಅದೇ ಸರಿಯಾದ ಕಾಲ. ಚೆಂಡುಹೂವಿನ ಮಾಲೆ ಕಟ್ಟುವ ಮೊದಲು ಚಕ್ರದ ಕಮಾನಿನೊಳಗೆ ಕೈಯಾಡಿಸಿ, ಫೋನಿನ ಟಾರ್ಚ್ ಹಿಡಿದು ಬಾಗಿಲಿನ ಅಂಚು, ಡಿಕ್ಕಿಯ ಬೀಡಿಂಗ್ ಅಡಿ, ಸ್ಟೆಪ್ನಿ ಕೂರುವ ಗುಂಡಿ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಕಂಡ ಚುಕ್ಕೆಗಳ ಪಕ್ಕ ಒಂದು ನಾಣ್ಯವಿಟ್ಟು ಫೋಟೊ ತೆಗೆದರೆ ಅಳತೆಯೂ ಉಳಿಯುತ್ತದೆ. ಆ ಚುಕ್ಕೆಗಳನ್ನು ತೊಳೆದೊರೆಸಿ ಮೇಣ ಸವರಿಟ್ಟು, ದೀಪಾವಳಿ ಕಳೆದು ಹವೆ ಒಣಗಿದಾಗ ಎಮರಿ ಪೇಪರ್ ಹಿಡಿದು ಕೂರಬಹುದು. ಆಗ ನಾಣ್ಯದ ಪಕ್ಕದ ಚುಕ್ಕೆ ಬೆಳೆದಿದೆಯೇ ಎಂದು ಫೋಟೊ ನೋಡಿ ಹೋಲಿಸಿದರೆ, ಯಾವುದಕ್ಕೆ ಮೊದಲು ಕೈ ಹಾಕಬೇಕು, ಯಾವುದನ್ನು ಟಿಂಕರ್‌ಗೆ ತೋರಿಸಬೇಕು ಎಂಬುದು ತಿಳಿಯುತ್ತದೆ.